ಆಕೆಯ ಸೀರೆ ತುಂಡಿನಲ್ಲಿ ಕಟ್ಟಿದ ರೊಟ್ಟಿ

ಇವತ್ತು ಮಾಡಿದ ಕೆಲಸ ಇಷ್ಟು. ಐದೂವರೆಗೆ ಎದ್ದು ನಳದ ನೀರು ಹಿಡಿದದ್ದು. ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಎಳೆದದ್ದು. ಸ್ನಾನ, ಲಿಂಗಪೂಜೆ. ಯಜಮಾನರ ಡಬ್ಬಿಗೆ ನಾಲ್ಕು ರೊಟ್ಟಿ, ಬದನೆಕಾಯಿ ಪಲ್ಯ, ಒಂದು ಉಳ್ಳಾಗಡ್ಡಿ. ತೊಗರಿಬೇಳೆಗೆ ಹುಳ ಬಿದ್ದಿದೆಯೇನೋ ಎಂದು ಮೊರದಲ್ಲಿ ಹಾಕಿ ನೋಡಿದ್ದು, ಬಿದ್ದಿರಲಿಲ್ಲ. ಮಗಳ ಎರಡು ಚೂಡಿದಾರಕ್ಕೆ ಇಸ್ತ್ರಿ. ಗ್ಯಾಸ್ ಬುಕ್ ಮಾಡಿದ್ದು. ಹತ್ತು ಗಂಟೆಗೆ ಸಂಘಕ್ಕೆ ಹೋಗಿ ಎಲ್ಲರ ಎದುರಿಗೆ ಒಂದು ಮಾತು ಹೇಳಿದ್ದು. ಆಮೇಲೆ ಐವತ್ತು ರೊಟ್ಟಿ ಬಡಿದದ್ದು.

ದಿನದ ಕೆಲಸವನ್ನು ಹಳೆಯ ಡೈರಿಯಲ್ಲಿ ಹೀಗೆ ಬರೆದಿಡುವುದು ನನಗೆ ಇಪ್ಪತ್ತು ವರ್ಷದ ರೂಢಿ. ಓದುವವರು ಯಾರೂ ಇಲ್ಲ. ಬೇಳೆ ಯಾವಾಗ ಬಿಸಿಲಿಗೆ ಹಾಕಿದೆ, ಉಪ್ಪಿನಕಾಯಿ ಭರಣಿ ಯಾವಾಗ ತೆರೆದೆ ಎಂದು ನೋಡಲಿಕ್ಕೆ ಉಪಯೋಗವಾಗುತ್ತದೆ, ಅಷ್ಟೇ. ಆದರೆ ಇವತ್ತಿನ ಪಟ್ಟಿಯಲ್ಲಿ ಆ ಒಂದು ಮಾತಿಗೆ ಒಂದು ಸಾಲು ಸಾಲದು. ಹನ್ನೊಂದು ತಿಂಗಳ ಹಿಂದೆ ಹೇಳಬೇಕಾಗಿದ್ದ ಮಾತು ಅದು.

ನಾವಿರುವುದು ವಾಡಿಯಲ್ಲಿ, ರೈಲ್ವೆ ಕ್ವಾರ್ಟರ್ಸಿನಲ್ಲಿ. ಯಜಮಾನರು ಊರ ಹೊರಗಿನ ಗೇಟಿನಲ್ಲಿ ಗೇಟ್‌ಮನ್. ಗಾಡಿ ಬರುವ ಹೊತ್ತಿಗೆ ಗೇಟು ಹಾಕುವುದು, ಹೋದ ಮೇಲೆ ತೆಗೆಯುವುದು. ಸಮುದಾಯ ಭವನದ ಹಿಂದಿನ ಕೋಣೆಯಲ್ಲಿ ನಾವು ಎಂಟು ಹೆಂಗಸರು ಸೇರಿ ಖಡಕ್ ರೊಟ್ಟಿ ಮಾಡುತ್ತೇವೆ. ಮದುವೆ ಮನೆಗೆ, ಮಠದ ದಾಸೋಹಕ್ಕೆ, ಚಿತ್ತಾಪುರ, ಸೇಡಂ ಕಡೆಯ ಅಂಗಡಿಗಳಿಗೆ ಹೋಗುತ್ತವೆ. ನಮ್ಮ ಮುಂದಾಳನ್ನು ವಯಸ್ಸಿನಲ್ಲಿ ಹಿರಿಯರೂ ಕಿರಿಯರೂ ದೊಡ್ಡಕ್ಕ ಎಂದೇ ಕರೆಯುತ್ತೇವೆ.

ಖಡಕ್ ರೊಟ್ಟಿಯಲ್ಲಿ ಬಡಿಯುವುದಕ್ಕಿಂತ ಒಣಗಿಸುವುದು ದೊಡ್ಡ ಕೆಲಸ. ಹಂಚಿನಿಂದ ತೆಗೆದ ರೊಟ್ಟಿಯನ್ನು ಒಲೆಯ ಸುತ್ತ ನಿಲ್ಲಿಸಿ, ಆಮೇಲೆ ಬುಟ್ಟಿಯಲ್ಲಿ ಹರವಿ, ಮುರಿದರೆ ಟಕ್ ಎನ್ನುವ ತನಕ ಕಾಯಬೇಕು. ಮಳೆಗಾಲದಲ್ಲಿ ಒಂದು ರಾತ್ರಿ ಪೂರ್ತಿ ಬೇಕು. ಆಮೇಲೆ ಇಪ್ಪತ್ತೈದರ ಒಂದು ಕಟ್ಟು. ಪ್ರತಿಯೊಬ್ಬಳೂ ತನ್ನ ಕಟ್ಟನ್ನು ತನ್ನದೇ ಹಳೆಯ ಸೀರೆಯ ಪಟ್ಟಿಯಲ್ಲಿ ಕಟ್ಟುತ್ತಾಳೆ. ಇದು ದೊಡ್ಡಕ್ಕ ಮಾಡಿದ ಕಾಯಿದೆ. ಯಾರಾದರೂ ಹೊಗಳಿದರೆ ಯಾರ ಕೈ ಎಂದು ತಿಳಿಯಬೇಕು, ದೂರಿದರೂ ತಿಳಿಯಬೇಕು. ಚೀಟಿ ಅಂಟಿಸಿದರೆ ಹಿಟ್ಟಿನ ಕೈಗೆ ಉದುರಿ ಹೋಗುತ್ತದೆ. ಸೀರೆ ಪಟ್ಟಿಯಾದರೆ ದೂರದಿಂದಲೇ ಗುರುತು. ನನ್ನದು ಕಂದು ಬಣ್ಣದ ಚೌಕಡಿ. ತಂಗಿಯದು ಹಸಿರು, ಮೇಲೆ ಹಳದಿ ಚುಕ್ಕಿ.

ತಂಗಿ ಎಂದರೆ ಒಡಹುಟ್ಟಿದವಳಲ್ಲ. ನನಗಿಂತ ಹತ್ತು ವರ್ಷ ಚಿಕ್ಕವಳು, ಹಾಗಾಗಿ ನಾನು ಹಾಗೆ ಕರೆಯುತ್ತೇನೆ. ಹಳಿಯ ಆಚೆಗಿನ ಓಣಿಯವಳು. ಮನೆಯ ಮುಂಗೋಡೆಯ ಮೇಲೆ ಬುದ್ಧನ ಪಟ. ಮೂರು ವರ್ಷದ ಹಿಂದೆ ಆಕೆ ಸಂಘಕ್ಕೆ ಸೇರುತ್ತೇನೆ ಎಂದು ಬಂದಾಗ ನಮ್ಮಲ್ಲಿ ಇಬ್ಬರು ಒಳಗೊಳಗೇ ಗುಣುಗುಣು ಮಾಡಿದರು, ಮಠಕ್ಕೆ ಹೋಗುವ ರೊಟ್ಟಿ ಎಂದರು. ದೊಡ್ಡಕ್ಕ ಅವರನ್ನು ಸುಮ್ಮನಾಗಿಸಿದಳು. ನಾನು ಆ ಕಡೆಯೂ ಮಾತಾಡಲಿಲ್ಲ, ಈ ಕಡೆಯೂ ಮಾತಾಡಲಿಲ್ಲ. ಆಕೆಯ ಮೊದಲ ರೊಟ್ಟಿ ಹಂಚಿನಿಂದ ಇಳಿದ ಮೇಲೆ ಗುಣುಗುಣು ತಾನೇ ನಿಂತಿತು. ಕಾಗದದಷ್ಟು ತೆಳು, ಅಂಚಿನಲ್ಲಿ ಒಂದು ಬಿರುಕಿಲ್ಲ.

ಹೋದ ಶ್ರಾವಣದಲ್ಲಿ ಒಂದು ಮಠದಿಂದ ತಿಂಗಳ ದಾಸೋಹಕ್ಕೆ ರೊಟ್ಟಿ ಬೇಕೆಂದು ಹೇಳಿ ಕಳಿಸಿದ್ದರು. ಅದೇ ವಾರ ಚಿಂಚೋಳಿಯಲ್ಲಿ ನನ್ನ ಸ್ವಂತ ತಂಗಿಯ ಮಗಳ ಕುಬಸ. ಮೊದಲ ಬಸಿರು, ಹೋಗದಿದ್ದರೆ ಆಗದು. ಸೇಡಂನಲ್ಲಿ ಇಳಿದು ಚಿಂಚೋಳಿ ಬಸ್ಸು ಹಿಡಿಯಬೇಕು, ಗಾಡಿಗೆ ಇನ್ನು ಅರ್ಧ ತಾಸು ಇತ್ತು. ಹೊರಗೆ ಜಿನುಗು ಮಳೆ. ನನ್ನ ಕಡೆಯ ಎರಡು ಕಟ್ಟಿನ ರೊಟ್ಟಿ ಇನ್ನೂ ಒಣಗಿರಲಿಲ್ಲ. ಮುಟ್ಟಿದರೆ ಬೆಚ್ಚಗೇ ಇದ್ದವು. ಅದು ನನಗೆ ಗೊತ್ತಿತ್ತು, ಮರೆತು ಮಾಡಿದ ಕೆಲಸವಲ್ಲ. ನಾಳೆ ಇನ್ಯಾರಾದರೂ ಹರವುತ್ತಾರೆ ಎಂದುಕೊಂಡು ಒಂದರ ಮೇಲೊಂದು ಇಟ್ಟೆ. ಕಟ್ಟಲಿಕ್ಕೆ ನನ್ನ ಪಟ್ಟಿ ಮುಗಿದಿದ್ದವು. ತಂಗಿ ಅತ್ತೆಗೆ ಗುಳಿಗೆ ಕೊಟ್ಟು ಬರುತ್ತೇನೆಂದು ಮನೆಗೆ ಹೋಗಿದ್ದಳು. ಆಕೆಯ ಹಸಿರು ಪಟ್ಟಿಗಳ ಗಂಟು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಎರಡು ಎಳೆದುಕೊಂಡೆ. ಊರಿಂದ ಬಂದ ಮೇಲೆ ಹೇಳಿದರಾಯಿತು ಅಂದುಕೊಂಡೆ. ಕೋಣೆಯ ಮುಂದೆ ಹಾದಿ, ದಿನವಿಡೀ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಲಾರಿ ಓಡಾಡುತ್ತವೆ. ಮಳೆ ನಿಂತ ಗಳಿಗೆಗೇ ಧೂಳು ಏಳುತ್ತದೆ. ಆ ಧೂಳಿಗೆಂದು ಕಟ್ಟುಗಳ ಮೇಲೆ ಪ್ಲಾಸ್ಟಿಕ್ ಚೀಲ ಬಿಗಿಯಾಗಿ ಹೊದಿಸಿ ಓಡಿದೆ.

ಬೆಚ್ಚಗಿನ ರೊಟ್ಟಿ, ಮೇಲೆ ಪ್ಲಾಸ್ಟಿಕ್ಕು, ಶ್ರಾವಣದ ಹವಾ. ರೊಟ್ಟಿ ಬಲ್ಲವರಿಗೆ ಮುಂದಿನದು ಹೇಳಬೇಕಾಗಿಲ್ಲ. ಮಾರನೆಯ ದಿನ ಯಾರೂ ಬಿಚ್ಚಿ ನೋಡಲಿಲ್ಲ. ಕಟ್ಟು ಕಟ್ಟಿದೆ ಎಂದರೆ ಒಣಗಿದೆ ಎಂದೇ ನಮ್ಮಲ್ಲಿ ಅರ್ಥ. ಎರಡೂ ಕಟ್ಟು ಮಠಕ್ಕೆ ಹೋದವು, ಬೂಷ್ಟು ಹಿಡಿದು ವಾಪಸು ಬಂದವು.

ನಾನು ಚಿಂಚೋಳಿಯಲ್ಲಿದ್ದೆ. ಹಸಿರು ಬಳೆ ತೊಡಿಸಿ, ಹೂರಣದ ಕಡುಬು ತಿಂದು, ಮೂರು ದಿನ ಸುಖವಾಗಿ ಇದ್ದು ಬಂದೆ. ಬಂದಾಗ ತಂಗಿಯ ಹಂಚು ಬೋರಲು ಬಿದ್ದಿತ್ತು. ನಡೆದದ್ದನ್ನು ಉಳಿದವರು ಹೇಳಿದರು. ದೊಡ್ಡಕ್ಕ ಎರಡೂ ಕಟ್ಟನ್ನು ಆಕೆಯ ಮುಂದೆ ಇಟ್ಟಳಂತೆ. ಆಕೆ ಪಟ್ಟಿಯನ್ನು ಹಿಡಿದು ನೋಡಿ, ಹೌದು ನಂದೇ ಅರಿಬಿ ಎಂದಳಂತೆ. ಮೊದಲು ಗುಣುಗುಣು ಮಾಡಿದ್ದ ಒಬ್ಬಳು, ಅದಕ್ಕೇ ನಾನು ಅಂದಿದ್ದೆ ಅಂದಳಂತೆ. ದೊಡ್ಡಕ್ಕನೂ ಆ ದಿನ ಮಠದವರ ಮುಂದೆ ಮುಖ ಸಣ್ಣದಾದ ಸಿಟ್ಟಿನಲ್ಲಿ ಎರಡು ಮಾತು ಹೆಚ್ಚೇ ಆಡಿದಳಂತೆ. ತಂಗಿ ಕೈ ತೊಳೆದುಕೊಂಡು ಹೋದಳು, ಮತ್ತೆ ಬರಲಿಲ್ಲ.

ಇದನ್ನೆಲ್ಲ ಕೇಳಿ ನಾನು ಅಂದದ್ದು ಒಂದೇ ಮಾತು: "ಹೌದೇನು?" ಅಷ್ಟೇ.

ಈಗ ತಾನೇ ಬಂದಿದ್ದೀನಿ, ನಾಳೆ ಹೇಳೋಣ ಎಂದುಕೊಂಡೆ. ನಾಳೆ ನಾಡಿದ್ದಾಯಿತು. ವಾರ ಕಳೆದ ಮೇಲೆ, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಿದರೆ ಏನು ಹೇಳಲಿ ಎಂಬ ಇನ್ನೊಂದು ಭಯ ಸೇರಿತು. ತಂಗಿಗೆ ಕಲ್ಲು ಪಾಲಿಶ್ ಮಾಡುವಲ್ಲಿ ಕೆಲಸ ಸಿಕ್ಕಿತು ಎಂದು ಕೇಳಿದಾಗ, ಸದ್ಯ ಸಿಕ್ಕಿತಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಕೆ ನಮ್ಮ ಓಣಿಯವಳೇ ಆಗಿದ್ದರೆ ಎಲ್ಲರೂ ಅಷ್ಟು ಬೇಗ ನಂಬುತ್ತಿದ್ದರೇ, ನಾನಾದರೂ ಅಷ್ಟು ದಿನ ಸುಮ್ಮನಿರುತ್ತಿದ್ದೆನೇ? ಈ ಪ್ರಶ್ನೆ ಆಗ ನಾನು ಕೇಳಿಕೊಳ್ಳಲಿಲ್ಲ. ಹಾಗೇ ಡೈರಿ ತುಂಬಿತು. ನೀರು ಹಿಡಿದದ್ದು, ಬೇಳೆ ಆರಿಸಿದ್ದು, ಎಲ್ಲಾ ಇದೆ ಅದರಲ್ಲಿ. ಇದು ಮಾತ್ರ ಇಲ್ಲ.

ಈಗ ಕಾದಂಬರಿಯ ವಿಷಯ ಹೇಳಬೇಕು.

ನನ್ನ ಮಗಳು ಚಿತ್ತಾಪುರದ ಕಾಲೇಜಿನಲ್ಲಿ ಬಿ.ಎ. ಕಡೆಯ ವರ್ಷ. ಮುಂಜಾನೆಯ ಪ್ಯಾಸೆಂಜರಿಗೆ ಹೋಗಿ ಬರುತ್ತಾಳೆ. ಆಕೆಯ ಪಾಠಕ್ಕೆ ಒಂದು ಇಂಗ್ಲಿಷ್ ಕಾದಂಬರಿ ಇದೆ. ಆ ದೇಶದಲ್ಲಿ ರಾಣಿ ಆಳುತ್ತಿದ್ದ ಕಾಲದ್ದು, ನೂರೈವತ್ತು ವರ್ಷಕ್ಕೂ ಹಳೆಯದು. ಒಬ್ಬ ಹುಡುಗಿ ಹನ್ನೊಂದನೆಯ ವಯಸ್ಸಿನಿಂದ ಇಪ್ಪತ್ತೆರಡರ ತನಕ ಬೆಳೆಯುವ ಕಥೆ. ಪರೀಕ್ಷೆಗೆ ರಜೆ ಕೊಟ್ಟಾಗ ಅವರ ಮೇಡಂ ಒಂದು ಉಪಾಯ ಹೇಳಿದ್ದರಂತೆ: ದಿನಕ್ಕೊಂದೆರಡು ಅಧ್ಯಾಯ ಓದಿ ಮನೆಯಲ್ಲಿ ಯಾರಿಗಾದರೂ ಕನ್ನಡದಲ್ಲಿ ಹೇಳಿ, ಆಗ ತಲೆಯಲ್ಲಿ ಕೂಡುತ್ತದೆ ಎಂದು. ಮನೆಯಲ್ಲಿ ಸಿಕ್ಕವಳು ನಾನು. ರಾತ್ರಿ ಎಂಟರಿಂದ ಒಂಬತ್ತರ ತನಕ ನಾನು ಒಲೆಯ ಮುಂದೆ, ಆಕೆ ಕಟ್ಟೆಯ ಮೇಲೆ ಪುಸ್ತಕ ಹಿಡಿದು.

ಹುಡುಗಿಗೆ ತಾಯಿ ತಂದೆ ಇಲ್ಲ. ಸೋದರಮಾವನ ಮನೆಯಲ್ಲಿ ಬೆಳೆಯುತ್ತಾಳೆ. ಮಾವನಿಗೆ ಕುರಿಗಳಿವೆ, ಅವುಗಳನ್ನು ನೋಡಿಕೊಳ್ಳಲು ಒಬ್ಬ ಮುದುಕ ಕುರುಬ. ಊರ ಪಕ್ಕದಲ್ಲಿ ಹೊಸದಾಗಿ ರೈಲು ಹಳಿ ಹಾಕಿದ್ದಾರೆ. ಒಂದು ಸಂಜೆ ಹುಡುಗಿ ಆಟದ ಗುಂಗಿನಲ್ಲಿ ದೊಡ್ಡಿಯ ಗೇಟು ತೆರೆದೇ ಬಿಟ್ಟು ಬರುತ್ತಾಳೆ. ಮರಿಗಳು ಹೊರಬಿದ್ದು ಹಳಿಗೆ ಹೋಗಿ ಗಾಡಿಗೆ ಸಿಗುತ್ತವೆ. ತಪ್ಪು ಮುದುಕನ ಮೇಲೆ ಬರುತ್ತದೆ. ಆತ ಗಂಟು ಕಟ್ಟಿಕೊಂಡು ಊರು ಬಿಡುತ್ತಾನೆ. ಹುಡುಗಿ ಕಿಟಕಿಯಲ್ಲಿ ನಿಂತು ನೋಡುತ್ತಾಳೆ, ಬಾಯಿ ಬಿಡುವುದಿಲ್ಲ.

ಮೊದಮೊದಲು ನಾನು ಇದನ್ನು ಪಕ್ಕದ ಓಣಿಯ ಸುದ್ದಿಯ ಹಾಗೆಯೇ ಕೇಳಿದೆ. ನನಗೆ ಹೆಚ್ಚು ಕಾಡಿದ್ದು ಅವರ ಊಟ. ಎಷ್ಟು ಅಧ್ಯಾಯ ಹೋದರೂ ಚಹಾ, ಬ್ರೆಡ್ಡು, ಒಮ್ಮೊಮ್ಮೆ ಮಾಂಸ. ಖಾರ ಎಂಬುದೇ ಇಲ್ಲ. ಇಂಥದ್ದು ತಿಂದು ಆ ಹುಡುಗಿ ಅಷ್ಟು ಅಳಲಿಕ್ಕೆ ಶಕ್ತಿ ಎಲ್ಲಿಂದ ತರುತ್ತಾಳೆ ಎಂದು ಕೇಳಿದೆ. ಮಗಳು ಅದು ಪರೀಕ್ಷೆಗೆ ಬರುವುದಿಲ್ಲ ಎಂದಳು. ಯಜಮಾನರು ಡ್ಯೂಟಿ ಮುಗಿಸಿ ಬಂದು ಬಚ್ಚಲಲ್ಲಿ ಕಾಲು ತೊಳೆಯುತ್ತ ಕೇಳಿಸಿಕೊಂಡಿದ್ದರು. ಅವರದು ಮೊದಲಿನಿಂದಲೂ ಒಂದೇ ತೀರ್ಪು.

"ಗೇಟು ಯಾರು ತೆಗದಿಟ್ರೋ ಅವರದೇ ತಪ್ಪು. ಸಣ್ಣಾಕಿ ಇರಲಿ, ದೊಡ್ಡಾಕಿ ಇರಲಿ," ಎಂದರು.

"ಅಪ್ಪಾ, ಆಕಿಗಿ ಹನ್ನೊಂದು ವರ್ಷ," ಎಂದಳು ಮಗಳು.

"ಗಾಡಿಗೇನು ವಯಸ್ಸು ಗೊತ್ತಾಗ್ತದೇನು?"

ಮಗಳು ನಕ್ಕಳು. ನನಗೆ ಹಂಚಿನ ಮೇಲಿನ ರೊಟ್ಟಿ ಸೀದದ್ದು ವಾಸನೆ ಬಂದ ಮೇಲೆಯೇ ತಿಳಿಯಿತು.

ಮುಂದಿನ ಅಧ್ಯಾಯಗಳಲ್ಲಿ ಹುಡುಗಿ ಶಾಲೆಗೆ ಹೋಗುತ್ತಾಳೆ, ಪಾಠ ಹೇಳುವವಳಾಗಿ ದೊಡ್ಡ ಮನೆಯೊಂದಕ್ಕೆ ಸೇರುತ್ತಾಳೆ. ಎಲ್ಲರೂ ಆಕೆಯನ್ನು ಪ್ರಾಮಾಣಿಕಳು ಎನ್ನುತ್ತಾರೆ. ಹಾಗೆಂದಾಗೆಲ್ಲ ಆಕೆಗೆ ಒಳಗೆ ಚುಚ್ಚುತ್ತದೆ. ಮಗಳ ನೋಟ್ಸಿನಲ್ಲಿ ಮೇಡಂ ಹೇಳಿದ್ದು ಬರೆದಿತ್ತು, ಓದಿ ತೋರಿಸಿದಳು. ಆ ಹುಡುಗಿಯ ಮನಸ್ಸಾಕ್ಷಿ ಒಮ್ಮೆಗೇ ಹುಟ್ಟಿದ್ದಲ್ಲವಂತೆ, ದೇಹದ ಹಾಗೆ ಅದೂ ಬೆಳೆದದ್ದಂತೆ. ಮೊದಲು ಸಿಕ್ಕಿಬೀಳುತ್ತೇನೆಂಬ ಭಯ. ಆಮೇಲೆ ತನ್ನ ಬಗ್ಗೆ ತನಗೇ ನಾಚಿಕೆ. ಇವೆರಡರಲ್ಲೂ ಆಕೆ ನೋಡುತ್ತಿರುವುದು ತನ್ನನ್ನೇ. ಮೂರನೆಯದಾಗಿ ಆ ಮುದುಕ ಕಣ್ಣಿಗೆ ಬರುತ್ತಾನೆ: ಆತ ಎಲ್ಲಿ ಮಲಗುತ್ತಾನೋ, ಏನು ತಿನ್ನುತ್ತಾನೋ ಎಂದು. ಅಲ್ಲಿಗೆ ಬಂದಾಗ ಆಕೆ ದೊಡ್ಡವಳಾದಳು ಎಂದು ಲೆಕ್ಕ.

ನನಗೆ ಐವತ್ತೊಂದು. ಮೊದಲಿನ ಎರಡರ ನಡುವೆ ಎಲ್ಲೋ ನಿಂತಿದ್ದೇನೆ ಎಂದು ಹಿಟ್ಟು ನಾದುತ್ತ ಕೂತಾಗ ಹೊಳೆಯಿತು.

ಹಾಗೆ ಹೊಳೆದ ಕೂಡಲೇ ನಾನು ಎದ್ದು ಹೋಗಿ ಹೇಳಲಿಲ್ಲ. ಪುಸ್ತಕ ಕೇಳಿ ಮನುಷ್ಯ ಅಷ್ಟು ಸಲೀಸಾಗಿ ಬದಲಾಗುವುದಿಲ್ಲ. ನನ್ನನ್ನು ಎಬ್ಬಿಸಿದ್ದು ಬೇರೆ. ಹೋದ ವಾರ ಮಾರ್ಕೆಟ್ಟಿಗೆ ಹೋದಾಗ ಕಿರಾಣಿ ಅಂಗಡಿಯ ಮುಂದೆ ತಂಗಿ ನಿಂತಿದ್ದಳು. ಕಲ್ಲಿನ ಪುಡಿಗೆ ಬೆರಳ ಸಂದು ಬಿರಿದು ಬೆಳ್ಳಗಾಗಿದ್ದವು. ಅಂಗಡಿಯವನು ಆಕೆಯ ಕೈಗೆ ಖಡಕ್ ರೊಟ್ಟಿಯ ಪಾಕೀಟು ಕೊಡುತ್ತಿದ್ದ. ನಮ್ಮ ಸಂಘದ್ದೇ ರೊಟ್ಟಿ. ಕೊಳ್ಳುತ್ತಿರುವವಳು ತಂಗಿ! ಎಣ್ಣೆ ಗಾಣದವನು ಎಣ್ಣೆ ಕೊಳ್ಳುವುದನ್ನು ನೋಡಿದ ಹಾಗಾಯಿತು ನನಗೆ. ಕೇಳದೆ ಇರಲಾಗಲಿಲ್ಲ, ಯಾಕೆ ತಂಗಿ ಎಂದೆ.

"ಮಗಳಿಗಿ ಶಹಾಬಾದಕ್ಕ ಕಳಸಬೇಕ್ರಿ ಅಕ್ಕಾ. ಬಸರಿ ಇದ್ದಾಳ, ರೊಟ್ಟಿ ಬೇಡ್ಯಾಳ."

"ನೀನೇ ಬಡದು ಕಳಸಬೇಕಿಲ್ಲ?"

ಆಕೆ ಪಾಕೀಟನ್ನು ಚೀಲದಲ್ಲಿಟ್ಟಳು. "ಬ್ಯಾಡ್ರಿ. ನನ್ನ ಕೈಯಾಗ ಏನೋ ಕೊರತಿ ಬಂದದ. ಎಷ್ಟು ಒಣಗಸಿದ್ರೂ ಭರೋಸಾ ಬರವಲ್ದು. ಹೊಟ್ಟೀಲಿದ್ದಾಕಿ, ಬೂಷ್ಟು ತಿಂದು ಏನಾರ ಆದ್ರ?" ಎಂದಳು. ಹೇಳುವಾಗ ಸಿಟ್ಟಿಲ್ಲ, ಅಳು ಇಲ್ಲ. ಮಳೆ ಬಂದೀತು ಎನ್ನುವಷ್ಟೇ ಸಹಜವಾಗಿ ಹೇಳಿದಳು.

ಇಷ್ಟು ದಿನ ನಾನು, ಆಕೆ ಸಂಘದವರ ಮೇಲೆ ಸಿಟ್ಟಾಗಿರಬಹುದು, ತನ್ನ ತಪ್ಪಲ್ಲ ಎಂದು ತನಗಾದರೂ ಗೊತ್ತಿರಬಹುದು ಎಂದುಕೊಂಡಿದ್ದೆ. ಪಟ್ಟಿ ತನ್ನದಾದ ಮೇಲೆ ರೊಟ್ಟಿಯೂ ತನ್ನದೇ ಎಂದು ಆಕೆಯೂ ನಂಬಿಬಿಟ್ಟಿದ್ದಳು. ನಾನು ಆಕೆಯ ಕೆಲಸ ಮಾತ್ರ ಕಳೆಯಲಿಲ್ಲ, ಕೈಯ ಮೇಲಿನ ನಂಬಿಕೆಯನ್ನೂ ಕಳೆದಿದ್ದೆ.

ಮರುದಿನ ಮಗಳು ಪುಸ್ತಕ ತೆರೆಯುವ ಮೊದಲೇ ಕೇಳಿದೆ, ಈ ಹುಡುಗಿ ಕಡೆಗೂ ಹೇಳುತ್ತಾಳೋ ಇಲ್ಲವೋ ಎಂದು.

"ಹೇಳ್ತಾಳ. ಕಡೀ ಅಧ್ಯಾಯದಾಗ."

"ಒಂದು ಮಾತು ಹೇಳಲಿಕ್ಕ ನಾಕುನೂರು ಪುಟ ಬೇಕೇನು?"

"ಮೊದಲನೇ ಪುಟದಾಗೇ ಹೇಳಿದ್ರ ಪುಸ್ತಕ ಎಲ್ಲಿ ಉಳೀತವ್ವಾ," ಎಂದು ನಕ್ಕಳು. ಆಮೇಲೆ ಸ್ವಲ್ಪ ವಿಚಾರ ಮಾಡಿ, "ಹೇಳೋ ಅಂಥಾಕಿ ಆಗಬೇಕಲ್ಲ ಮೊದಲ," ಎಂದಳು.

ಆಗ ನಾನು ಒಲೆ ಸಣ್ಣ ಮಾಡಿ ಆಕೆಗೆ ಎಲ್ಲಾ ಹೇಳಿದೆ. ಚಿಂಚೋಳಿಯ ಗಡಿಬಿಡಿ, ಹಸಿರು ಪಟ್ಟಿ, ಪ್ಲಾಸ್ಟಿಕ್ಕು, ನಾನಂದ "ಹೌದೇನು". ಮಗಳು ಪುಸ್ತಕ ಕೆಳಗಿಟ್ಟಳು. ತಾಯಿಯ ಮೇಲೆ ಕರುಣೆ ತೋರಿಸುತ್ತಾಳೆ ಎಂದು ನಾನು ಒಳಗೇ ಆಸೆಪಟ್ಟಿದ್ದೆ. ಆಕೆಯ ಮುಖ ಕೆಂಪಾಯಿತು.

"ಸಾಲ್ಯಾಗ ಎರಡನೇತ್ತಾದಾಗ ನಾ ಬಾಜೂ ಹುಡುಗೀದು ಪೆನ್ಸಿಲ್ ತಂದಿದ್ದೆ. ನೆನಪದ ಏನು? ಉರಿ ಬಿಸಲಾಗ ಕೈ ಹಿಡಿದು ಅವರ ಮನೀಗಿ ಎಳಕೊಂಡು ಹೋದಿ. ಅವರ ಅಜ್ಜಿ, ಅಜ್ಜ, ಎಲ್ಲಾರ ಮುಂದ ಹೇಳಿಸಿದಿ. ನಾ ಚಡ್ಡ್ಯಾಗ ಉಚ್ಚಿ ಹೊಯ್ಕೊಂಡಿದ್ದೆ ಅವ್ವಾ."

ನೆನಪಿತ್ತು. ಆ ದಿನ ನಾನು ಬಹಳ ಒಳ್ಳೆಯ ತಾಯಿ ಎಂದು ಬೀಗಿದ್ದೂ ನೆನಪಿತ್ತು.

"ನಡಿ. ಈಗ ನಾ ನಿನ್ನ ಕೈ ಹಿಡಕೊಂಡು ಹೋಗ್ತೀನಿ," ಎಂದು ಎದ್ದೇ ನಿಂತಳು. ಬೇಡ, ನಾನೊಬ್ಬಳೇ ಹೋಗುತ್ತೇನೆ ಎಂದೆ. ಹೋಗುತ್ತೀಯೋ ಇಲ್ಲವೋ ಎಂದು ಮೂರು ಸಲ ಕೇಳಿ, ಆಮೇಲೆ ಅಷ್ಟರಲ್ಲಿ ಹಂಚಿನ ಮೇಲೆ ಸೀದಿದ್ದ ರೊಟ್ಟಿಯನ್ನು ತಾನೇ ತೆಗೆದು ಪಕ್ಕಕ್ಕಿಟ್ಟಳು.

ಶನಿವಾರ ನಾಲ್ಕು ಗಂಟೆಗೆ ಹಳಿ ದಾಟಿ ಹೋದೆ. ತಂಗಿ ಅಂಗಳದಲ್ಲಿ ಕೂತು ಪುಂಡಿ ಸೊಪ್ಪು ಬಿಡಿಸುತ್ತಿದ್ದಳು. ಹೊರಸಿನ ಮೇಲೆ ಅತ್ತೆ ಮಲಗಿದ್ದರು. ಕುಂದ್ರಿ ಅಕ್ಕಾ ಎಂದು ಮಣೆ ಸರಿಸಿದಳು. ನಾನು ಕೂಡಲಿಲ್ಲ. ಕೂತರೆ ಚಹಾ, ಆಮೇಲೆ ಮಕ್ಕಳ ಸುದ್ದಿ, ಹಾಗೇ ಎದ್ದು ಬರುತ್ತೇನೆ ಎಂದು ನನಗೆ ನನ್ನ ಸ್ವಭಾವ ಗೊತ್ತು. ನಿಂತೇ ಹೇಳಿದೆ.

ಆಕೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಎಲ್ಲಾ ಕೇಳಿ, ಕಸುಬು ಬಲ್ಲವರು ಕೇಳುವ ಹಾಗೆ ಒಂದೊಂದೇ ಕೇಳಿದಳು: ರೊಟ್ಟಿ ಎಷ್ಟು ಬೆಚ್ಚಗಿದ್ದವು, ಚೀಲ ಬಾಯಿ ಮುಚ್ಚಿತ್ತೋ ತೆರೆದಿತ್ತೋ, ಬುಟ್ಟಿಯ ತಳದಲ್ಲೋ ಮೇಲೋ. ನಾನು ಉತ್ತರ ಕೊಡುತ್ತ ಹೋದೆ. ಆಮೇಲೆ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಅವನ್ನೇ ನೋಡಿದಳು.

"ಹನ್ನೊಂದು ತಿಂಗಳು ಇವಕ್ಕ ಬೈದೀನ್ರಿ ನಾ," ಎಂದಳು.

ತಪ್ಪಾಯಿತು ಎಂದೆ. ಅದನ್ನೇ ಎರಡು ಸಲ ಹೇಳಿದೆ. ಹೊರಸಿನ ಮೇಲೆ ಅತ್ತೆ ಕೆಮ್ಮಿದರು. ತಂಗಿ ಅತ್ತ ಒಮ್ಮೆ ನೋಡಿ ನನ್ನ ಕಡೆ ತಿರುಗಿದಳು.

"ನನಗ ಬಂದು ಹೇಳಿದ್ರಿ, ಛಲೋ ಮಾಡಿದ್ರಿ. ಖರೆ ಅಂದ್ರ ಆ ಮಾತು ಈ ಅಂಗಳದಾಗ ನಡದಿಲ್ಲ. ಎಲ್ಲಿ ಅಂದಾರ, ಅಲ್ಲೇ ಹೇಳ್ರಿ. ಸೋಮವಾರ ಹತ್ತಕ್ಕ ನಾ ಬಂದು ಬಾಗಲದಾಗ ನಿಂದರ್ತೀನಿ. ಕೇಳಬೇಕು ನನಗ."

ಹೂಂ ಎಂದೆ. ಆಕೆ ಚಹಾ ಕೇಳಲಿಲ್ಲ. ಕೇಳದೆ ಇದ್ದದ್ದೇ ಸರಿ ಎನಿಸಿತು.

ಭಾನುವಾರ ಮಗಳು ಕಡೆಯ ಅಧ್ಯಾಯ ಹೇಳಿದಳು. ಹುಡುಗಿ ಹುಡುಕಿಕೊಂಡು ಹೋಗುವಷ್ಟರಲ್ಲಿ ಮುದುಕ ಸತ್ತು ಐದು ವರ್ಷ. ಆತನ ಹೆಂಡತಿ ಇದ್ದಾಳೆ. ಆಕೆ ಕೇಳಿ, ಬಾಗಿಲು ಹಾಕಿಕೊಳ್ಳುತ್ತಾಳೆ. ಕತ್ತಲಾಗುವ ಹೊತ್ತಿಗೆ ತೆರೆಯುತ್ತಾಳೆ. ಅಲ್ಲಿಗೆ ಮುಗಿಯಿತು. ಮಗಳಿಗೆ ಈ ಮುಕ್ತಾಯ ಇಷ್ಟ, ನನಗೆ ಅಷ್ಟು ಹಿಡಿಸಲಿಲ್ಲ. ಹೆಂಡತಿಗೆ ಹೇಳಿದಳು ಸರಿ, ಮಾವನಿಗೆ, ಆ ಊರಿನವರಿಗೆ ಹೇಳಿದಳೇ ಎಂದು ಕೇಳಿದೆ. ಪುಸ್ತಕದಲ್ಲಿ ಇಲ್ಲ ಎಂದಳು. ಹಾಗಾದರೆ ಕೆಲಸ ಅರ್ಧ ಆಯಿತು ಎಂದೆ. ಮಗಳು ಅದನ್ನು ನೋಟ್ಸಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಂಡಳು. ಪರೀಕ್ಷೆಯಲ್ಲಿ ಬರೆಯುತ್ತಾಳೋ ಏನೋ.

ಇವತ್ತು ಸೋಮವಾರ. ಹತ್ತಕ್ಕೆ ಐದು ನಿಮಿಷ ಇರುವಾಗಲೇ ತಂಗಿ ಬಾಗಿಲಲ್ಲಿ ನಿಂತಿದ್ದಳು, ಒಗೆದ ಸೀರೆ ಉಟ್ಟು. ಒಳಗೆ ದೊಡ್ಡಕ್ಕ ಈ ವರ್ಷದ ಶ್ರಾವಣದ ಮಾತು ತೆಗೆದಿದ್ದಳು: ಅದೇ ಮಠ, ಹೆಚ್ಚು ರೊಟ್ಟಿ, ಕೈ ಸಾಲವು. ಬಾಗಿಲಲ್ಲಿ ತಂಗಿಯನ್ನು ಕಂಡು ಎಲ್ಲರೂ ಅತ್ತ ತಿರುಗಿದರು. ನಾನು ಹಿಟ್ಟಿನ ಪರಾತ ಬಿಟ್ಟು ಎದ್ದು ನಿಂತೆ. ಹೋದ ಶ್ರಾವಣದಲ್ಲಿ ವಾಪಸು ಬಂದ ಎರಡು ಕಟ್ಟು ನನ್ನವು, ಪಟ್ಟಿ ಮಾತ್ರ ತಂಗಿಯದು, ಕೇಳದೆ ತೆಗೆದುಕೊಂಡಿದ್ದೆ, ಹಸಿ ಇವೆ ಎಂದು ಗೊತ್ತಿದ್ದೇ ಕಟ್ಟಿದ್ದೆ, ತಿಳಿದ ಮೇಲೂ ಬಾಯಿ ಮುಚ್ಚಿಕೊಂಡಿದ್ದೆ ಎಂದು ಹೇಳಿದೆ. ಹೇಳಲಿಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ.

ಮೊದಲು ಬಾಯಿ ಬಿಟ್ಟವಳು, ಅದಕ್ಕೇ ನಾನು ಅಂದಿದ್ದೆ ಎಂದಿದ್ದ ಅದೇ ಹೆಂಗಸು.

"ಒಂದು ವರ್ಷ ನಮ್ಮ ಜೋಡಿ ಕುಂತು ಹ್ಯಾಂಗ ನುಂಗಿದ್ರಿ ವೈನಿ? ಗಂಟಲಾಗ ಸಿಗಲಿಲ್ಲೇನು?"

ಆಕೆಗೆ ಈ ಮಾತು ಆಡುವ ಹಕ್ಕಿಲ್ಲ ಎಂದು ಹೇಳಬಹುದಿತ್ತು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು.

ದೊಡ್ಡಕ್ಕನ ಸಿಟ್ಟು ಬೇರೆ ತರಹ. ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು, "ನನ್ನ ಬಾಯಿಂದ ಅನ್ನಿಸಿದ್ರಲ್ಲ ನೀವು. ಆ ಮಾತು ನಾ ಹೊಳ್ಳಿ ಹ್ಯಾಂಗ ನುಂಗಲಿ?" ಎಂದಳು. ಆಮೇಲೆ ಎದ್ದು ಬಾಗಿಲ ತನಕ ಹೋಗಿ ತಂಗಿಯ ಕೈ ಹಿಡಿದಳು. ಏನೋ ಸಣ್ಣ ದನಿಯಲ್ಲಿ ಹೇಳಿದಳು, ನಮಗೆ ಕೇಳಿಸಲಿಲ್ಲ. ಗುಣುಗುಣು ಮಾಡಿದ್ದವಳು ಹೋಗಿ ಬೋರಲು ಬಿದ್ದಿದ್ದ ಹಂಚು ತೆಗೆದು ತೊಳೆದು ತಂದು ಒಲೆಯ ಮೇಲಿಟ್ಟಳು. ಕ್ಷಮಿಸು ಎಂದು ಬಾಯಲ್ಲಿ ಹೇಳಲಿಲ್ಲ. ಹಂಚು ಮಾತ್ರ ಹೊಳೆಯುವ ಹಾಗೆ ಉಜ್ಜಿದ್ದಳು.

ತಂಗಿ ಒಳಗೆ ಬಂದು ಕೂತು ಹಿಟ್ಟಿಗೆ ಬಿಸಿನೀರು ಹಾಕಿದಳು. ಮೊದಲನೆಯ ರೊಟ್ಟಿ ಅಂಚಿನಲ್ಲಿ ಬಿರಿಯಿತು. ಎರಡನೆಯದೂ ಬಿರಿಯಿತು. ಕಲ್ಲಿನ ಕೆಲಸ ಮಾಡಿದ ಕೈ, ಬಿರಿದ ಬೆರಳಿಗೆ ಬಿಸಿ ಹಿಟ್ಟು ಉರಿಯುತ್ತಿದ್ದಿರಬೇಕು. ಆರನೆಯದೋ ಏಳನೆಯದೋ ಸರಿ ಬಂದಿತು. ಅದನ್ನು ಬೆಳಕಿಗೆ ಹಿಡಿದು ನೋಡಿ, ಒಲೆಯ ಪಕ್ಕ ನಿಲ್ಲಿಸಿದಳು.

ದೊಡ್ಡಕ್ಕ ಅಲ್ಲೇ ಇನ್ನೊಂದು ಕಾಯಿದೆ ಮಾಡಿದಳು. ಇನ್ನು ಮೇಲೆ ಯಾರ ಕಟ್ಟೇ ಇರಲಿ, ಕಳಿಸುವ ಮುಂಚೆ ತಂಗಿ ಬಿಚ್ಚಿ ಒಂದು ರೊಟ್ಟಿ ಮುರಿದು ನೋಡಬೇಕು. ಟಕ್ ಎಂದರೆ ಹೋಗಬೇಕು, ಇಲ್ಲದಿದ್ದರೆ ಇಲ್ಲ. ಮೊದಲು ನನ್ನ ಕಟ್ಟು. ನನಗೆ ಅವಮಾನವಾಗಬೇಕಿತ್ತು. ಭಾರ ಇಳಿದ ಹಾಗಾಯಿತೇ ಹೊರತು ಬೇರೇನೂ ಆಗಲಿಲ್ಲ. ಆಕೆ ನನ್ನ ಇವತ್ತಿನ ರೊಟ್ಟಿಗಳನ್ನು ಮುಟ್ಟಿ ನೋಡಿ, ಇನ್ನೂ ಹಸಿ ಅವ, ನಾಳೆ ಮುಂಜಾನೆ ನೋಡೋಣ ಎಂದು ಹರವಿದಳು. ಅದೂ ನಿಜವೇ ಆಗಿತ್ತು.

ಕೈ ತೊಳೆದು ಹೊರಡುವಾಗ ತಂಗಿ ನನ್ನ ಪಕ್ಕ ಬಂದಳು.

"ನಮ್ಮನ್ಯಾಗ ಉಣ್ತೀರೇನ್ರಿ ಅಕ್ಕಾ?"

ಇಷ್ಟು ವರ್ಷ ಆಕೆ ಕೇಳಿರಲಿಲ್ಲ, ಕೇಳುವಂತೆ ನಾನೂ ನಡೆದುಕೊಂಡಿರಲಿಲ್ಲ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಉಳಿದವರೂ ಚಪ್ಪಲಿ ಮೆಟ್ಟಿಕೊಳ್ಳುವುದು ನಿಧಾನ ಮಾಡಿದರು.

"ಹಸಿವ್ಯಾಗ್ಯದ, ನಡಿ," ಎಂದೆ.

ಹಳಿ ದಾಟುವಾಗ ಫೋನು ಮಾಡಿ ಮಗಳಿಗೆ ಹೇಳಿದೆ, ಅನ್ನ ಮಾಡಿಕೊಂಡು ಉಣ್ಣು ಎಂದು. ಎಲ್ಲಿ ಹೊರಟಿ ಎಂದು ಕೇಳಿದಳು. ಹೇಳಿದ ಮೇಲೆ, ತನಗೂ ಬರಬೇಕಿತ್ತು ಎಂದಳು. ಮುಂದಿನ ಸಲ ಎಂದೆ.

ಉಂಡದ್ದು: ಬಿಸಿ ಮೆತ್ತನೆಯ ರೊಟ್ಟಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಪುಂಡಿಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಕಡೆಗೆ ಮಜ್ಜಿಗೆ. ನಾನು ಮೂರು ರೊಟ್ಟಿ ಉಂಡೆ. ಮನೆಯಲ್ಲಿ ಎರಡರ ಮೇಲೆ ಹೋಗುವವಳಲ್ಲ. ತಂಗಿಯ ಅತ್ತೆ ನಾನು ಯಾರೆಂದು ಎರಡು ಸಲ ಕೇಳಿ, ಎರಡು ಸಲವೂ, ಹೊಟ್ಟೆ ತುಂಬ ಉಣ್ಣವ್ವಾ ಎಂದರು. ಊಟದ ಮೇಲೆ ಬಿಸಿಲು ಇಳಿಯಲಿ ಎಂದು ಪರಸಿ ಕಲ್ಲಿನ ತಂಪು ನೆಲದ ಮೇಲೆ ಇಬ್ಬರೂ ಅಡ್ಡಾದೆವು. ಮೊದಲು ನಿದ್ದೆ ಹೋದವಳು ತಂಗಿ, ಶಹಾಬಾದಿಗೆ ಎಷ್ಟು ರೊಟ್ಟಿ ಬಡಿದು ಒಯ್ಯಬೇಕು ಎಂದು ಹೇಳುತ್ತ ಹೇಳುತ್ತಲೇ. ಆಮೇಲೆ ಅತ್ತೆ. ನಾನು ಎಲ್ಲರಿಗಿಂತ ಕಡೆಗೆ.